ಪಂಕ್ತಿಯಿಂದ ಎಬ್ಬಿಸುವ ಪಾಠ

ಮಕ್ಕಳಿಗೆ ಧರ್ಮಬೋಧೆ ಬೇಕೇ ಬೇಡವೇ ಎಂಬ ಹಳೆಯ ಜಗಳವನ್ನು ನಾವು ಇಲ್ಲಿ ತೆಗೆಯುವುದಿಲ್ಲ. ಬೇಕೆನ್ನುವವರು ನಮ್ಮ ಸಂಘದಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ನಾವು ಕೇಳುತ್ತಿರುವುದು ಅದರೊಳಗಿನ ಒಂದು ಸಣ್ಣ ಪ್ರಶ್ನೆ. ಗಂಡು ಗಂಡನ್ನು ಒಲಿಯುವುದು, ಹೆಣ್ಣು ಹೆಣ್ಣನ್ನು ಒಲಿಯುವುದು ಪಾಪ, ದೇವರು ಮೆಚ್ಚದ ನಡತೆ ಎಂದು ಎಂಟು ಹತ್ತು ವರ್ಷದ ಮಕ್ಕಳಿಗೆ ಶಾಲೆಯಲ್ಲೋ, ಮಠದ ವಿದ್ಯಾರ್ಥಿನಿಲಯದಲ್ಲೋ, ಇಗರ್ಜಿಯ ಭಾನುವಾರದ ಪಾಠದಲ್ಲೋ, ಮದರಸದಲ್ಲೋ ಹೇಳಿಕೊಟ್ಟರೆ ಅದು ಧರ್ಮದ ಸ್ವಾತಂತ್ರ್ಯವೋ, ತಾರತಮ್ಯವೋ?

ಕೂಲಿ, ಬೋನಸ್ಸು, ಪ್ರಾವಿಡೆಂಟ್ ಫಂಡು ಬಿಟ್ಟು ಕಾರ್ಮಿಕರ ಪತ್ರಿಕೆಗೆ ಇದೆಲ್ಲ ಏಕೆ ಎಂದು ಹುಬ್ಬು ಗಂಟಿಕ್ಕುವವರು ಇರಬಹುದು. ಅವರಿಗೆ ನಮ್ಮ ಉತ್ತರ ಇಷ್ಟೆ. ನಮ್ಮ ಹೋಟೆಲುಗಳ ಚರಿತ್ರೆಯೆಂದರೆ ಮನೆ ಬಿಟ್ಟು ಬಂದ ಹುಡುಗರ ಚರಿತ್ರೆ. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯ ಮಾಣಿಗಳು ಮದರಾಸಿನ ರೈಲು ಹತ್ತಿದರು. ಲೋಟ ತೊಳೆದರು, ಮೇಜು ಒರೆಸಿದರು, ಹೋಟೆಲಿನ ಅಟ್ಟದ ಮೇಲೆ ಮಲಗಿ ದೊಡ್ಡವರಾದರು. ಹೆಚ್ಚಿನವರನ್ನು ಓಡಿಸಿದ್ದು ಹೊಟ್ಟೆ. ಕೆಲವರನ್ನು ಓಡಿಸಿದ್ದು ಮಾಸ್ತರರ ಬೆತ್ತ. ಇನ್ನು ಕೆಲವರನ್ನು ಓಡಿಸಿದ್ದು ಏನೆಂದು ಅವರು ಯಾರಿಗೂ ಹೇಳಲಿಲ್ಲ. ಮದುವೆಯ ಮಾತೆತ್ತಿದರೆ ಊರಿಗೆ ಹೋಗುವುದನ್ನೇ ಬಿಟ್ಟವರು, ಸಂಬಳದ ಮುಕ್ಕಾಲು ಪಾಲು ಮನೆಗೆ ಕಳುಹಿಸಿ ತಾವು ಮಾತ್ರ ದೂರ ಉಳಿದವರು ನಮ್ಮ ನಡುವೆ ಇದ್ದರು, ಈಗಲೂ ಇದ್ದಾರೆ. ಅವರ ಬೆನ್ನ ಹಿಂದೆ ಆಡುವ ಮಾತುಗಳನ್ನು ಕೇಳಿ ಬಲ್ಲವರಿಗೆ ಈ ಪ್ರಶ್ನೆ ದೂರದ್ದೆನಿಸದು.

ತಾರತಮ್ಯ ಎಂದರೇನು ಎಂಬುದನ್ನು ಹೋಟೆಲಿನವರಿಗೆ ಪುಸ್ತಕ ಓದಿ ತಿಳಿಸಬೇಕಾಗಿಲ್ಲ. ಇದೇ ನಗರದಲ್ಲಿ ಒಂದು ಕಾಲಕ್ಕೆ ಉಪಾಹಾರ ಗೃಹಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸ್ಥಳ, ಇತರರಿಗೆ ಬೇರೆ ಸ್ಥಳ ಇದ್ದದ್ದು ಹಿರಿಯರು ಹೇಳಿ ಗೊತ್ತಿರುವ ಸಂಗತಿ. ರೈಲ್ವೆ ಸ್ಟೇಷನ್ನುಗಳ ಊಟದ ಕೋಣೆಗಳಲ್ಲಿಯೂ ಹಾಗೆಯೇ ಇತ್ತು. ಅದು ಹೋದದ್ದು 1941ರಲ್ಲಿ, ಪೆರಿಯಾರರ ಚಳವಳಿಯ ತರುವಾಯ. 1957ರಲ್ಲಿ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಹಲಗೆಯ ಮೇಲಿದ್ದ ‘ಬ್ರಾಹ್ಮಣಾಳ್’ ಎಂಬ ಒಂದು ಮಾತಿಗಾಗಿ ದ್ರಾವಿಡ ಕಳಗದವರು ತಿಂಗಳುಗಟ್ಟಲೆ ಬಾಗಿಲ ಮುಂದೆ ನಿಂತು ಜೈಲಿಗೆ ಹೋದರು. ಅಷ್ಟು ಹೊತ್ತಿಗೆ ಸಂವಿಧಾನ ಬಂದು ಏಳು ವರ್ಷವಾಗಿತ್ತು. ಹೋಟೆಲು, ಅಂಗಡಿ, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಹೋಗಲು ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ಅದರ 15ನೆಯ ಅನುಚ್ಛೇದ ಹೇಳಿಯೂ ಇತ್ತು. ಹಲಗೆ ಯಾರನ್ನು ತಡೆಯಿತು? ಒಳಗೆ ಬರುವವರು ಬರಬಹುದು, ಅಡುಗೆ ಯಾರದೆಂದು ಅದು ತಿಳಿಸುತ್ತದೆ, ಅಷ್ಟೆ. ಇಂಥ ಹಲಗೆಗಳ ಪರವಾಗಿ ಆಡುವ ಮಾತು ಇದು. ಬಾಗಿಲಲ್ಲಿ ನಿಂತವನಿಗಾದರೋ ಅದೇ ಹಲಗೆ, ನೀನು ಯಾರೆಂದು ನಮಗೆ ಗೊತ್ತು, ಬಂದು ತಿಂದು ಹೋಗು ಎಂದು ಹೇಳುವಂತಿತ್ತು.

ಈ ಉದಾಹರಣೆಯಿಂದ ನಮಗೆ ಒಂದು ಅಳತೆಗೋಲು ಸಿಗುತ್ತದೆ. ಧಣಿ ತನ್ನ ದೇವರ ಕೋಣೆಯಲ್ಲಿ ಮಡಿ ಮಾಡಲಿ, ಯಾರ ಕೈಯ ನೀರನ್ನೂ ಮುಟ್ಟದಿರಲಿ, ಅದು ಅವನ ಪಾಡು. ಬೀದಿಗೆ ಬಾಗಿಲು ತೆರೆದು, ಗಲ್ಲಾಪೆಟ್ಟಿಗೆ ಇಟ್ಟು, ಬನ್ನಿ ಎಂದು ಜನರನ್ನು ಕರೆದ ಮೇಲೆ ಆ ಮಡಿಯನ್ನು ಮೇಜಿನ ಮೇಲೆ ಬಡಿಸುವಂತಿಲ್ಲ. ಶಾಲೆಗೂ ಈ ಅಳತೆ ಸಲ್ಲುತ್ತದೆಂದು ನಾವು ತಿಳಿಯುತ್ತೇವೆ. ಒಂದು ಮತ ತನ್ನವರಿಗೆ ಇಂಥದು ಸರಿ, ಇಂಥದು ತಪ್ಪು ಎಂದು ಹೇಳುವುದು ಬೋಧನೆ. ಅದು ನಮಗೆ ಹಿಡಿಸದೆ ಇರಬಹುದು, ಆದರೂ ಬೋಧನೆಯೇ. ಹೇಳುವ ರೀತಿಯಿಂದ ಆ ಕೊಠಡಿಯಲ್ಲಿ ಕುಳಿತ ಮಗುವೊಂದನ್ನು ಪಂಕ್ತಿಯಿಂದ ಎಬ್ಬಿಸಿದಾಗ, ನಿನ್ನಂಥವರಿಗೆ ಇಲ್ಲಿ ಎಲೆ ಇಲ್ಲ ಎಂದು ಅದಕ್ಕೆ ಅನಿಸುವಂತೆ ಮಾಡಿದಾಗ, ಅದು ಬೋಧನೆಯ ಗೆರೆ ದಾಟಿ ತಾರತಮ್ಯವಾಗುತ್ತದೆ. ಯಾವ ಮಗು ಎಂದು ಮಾಸ್ತರರಿಗೆ ತಿಳಿದಿರುವುದಿಲ್ಲ. ಎಷ್ಟೋ ವೇಳೆ ಆ ಮಗುವಿಗೂ ತಿಳಿದಿರುವುದಿಲ್ಲ. ಹದಿನಾಲ್ಕು ಹದಿನೈದರಲ್ಲಿ ತಿಳಿದಾಗ, ಹತ್ತರಲ್ಲಿ ಕೇಳಿದ ಮಾತು ಒಳಗೆ ಕುಳಿತು ಕಾಯುತ್ತಿರುತ್ತದೆ.

ಕಾನೂನು ಏನೆನ್ನುತ್ತದೆ? 1860ರಲ್ಲಿ ಬ್ರಿಟಿಷರು ಮಾಡಿದ ದಂಡಸಂಹಿತೆಯ 377ನೆಯ ಕಲಮು ಇಂಥ ಸಂಬಂಧವನ್ನು ಅಪರಾಧವಾಗಿಸಿತ್ತು. ಒಪ್ಪಿಗೆಯುಳ್ಳ ವಯಸ್ಕರ ಮಟ್ಟಿಗೆ ಅದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2018ರ ಸೆಪ್ಟೆಂಬರ್ 6ರಂದು ತೆಗೆದುಹಾಕಿದರು. ಲಿಂಗದ ಕಾರಣಕ್ಕೆ ತಾರತಮ್ಯ ಕೂಡದೆಂಬ ಮಾತು ಒಲವಿನ ಕಾರಣಕ್ಕೆ ಮಾಡುವ ತಾರತಮ್ಯಕ್ಕೂ ತಗಲುತ್ತದೆ ಎಂಬ ವಿಚಾರ ಆ ತೀರ್ಪಿನಲ್ಲಿದೆ. ಇತಿಹಾಸವು ಈ ಜನರಿಗೂ ಅವರ ಕುಟುಂಬಗಳಿಗೂ ಕ್ಷಮೆ ಕೇಳಬೇಕಾಗಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಬರೆದರು. ಮದುವೆಯ ಹಕ್ಕನ್ನು ಮಾತ್ರ ಅದೇ ಕೋರ್ಟು 2023ರ ಅಕ್ಟೋಬರ್ 17ರಂದು ಕೊಡಲೊಪ್ಪಲಿಲ್ಲ. ಅಂತೂ ಈಗ ಇದು ಅಪರಾಧವಲ್ಲ.

ಇನ್ನು ಶಾಲೆಯ ಮಾತು. ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದೆಂದು ಸಂವಿಧಾನದ 28ನೆಯ ಅನುಚ್ಛೇದ ಹೇಳುತ್ತದೆ. ಎಲ್ಲ ಧರ್ಮಗಳ ವಿಚಾರವನ್ನು ತಿಳಿಸಿಕೊಡುವುದು ಬೇರೆ, ಒಂದು ಧರ್ಮದ ವಿಧಿಯನ್ನು ಬೋಧಿಸುವುದು ಬೇರೆ ಎಂದು 2002ರಲ್ಲಿ ಸುಪ್ರೀಂ ಕೋರ್ಟು ವಿಂಗಡಿಸಿತು. ಸರಕಾರದ ಮಾನ್ಯತೆಯೋ ಅನುದಾನವೋ ಇರುವ ಇತರ ಶಾಲೆಗಳಲ್ಲಿ ಧರ್ಮಬೋಧೆ ನಡೆಯಬಹುದು. ಆದರೆ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದರಲ್ಲಿ ಕೂರಿಸುವಂತಿಲ್ಲ. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಆದರೆ ಒಪ್ಪಿಗೆ ಯಾರದು? ಗಂಜಿಗೂ ಫೀಜಿಗೂ ಲೆಕ್ಕ ಹಾಕುವ ತಂದೆ ತನ್ನ ಮಗನನ್ನು ಎಲ್ಲಿ ಸೀಟು ಸಿಕ್ಕಿತೋ ಅಲ್ಲಿ ಸೇರಿಸುತ್ತಾನೆ. ಊಟ ವಸತಿ ಧರ್ಮಾರ್ಥವಾಗಿ ಕೊಡುವ ಸಂಸ್ಥೆ ಮಠದ್ದೋ ಮಿಶನ್ನಿನದೋ ಎಂದು ಆರಿಸಿಕೊಳ್ಳುವ ಅನುಕೂಲ ಅವನಿಗಿಲ್ಲ. ಪ್ರವೇಶದ ಕಾಗದಗಳು ಹತ್ತು ಬಂದರೆ ಹತ್ತಕ್ಕೂ ಸಹಿ ಹಾಕುತ್ತಾನೆ. ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದ ಆ ಹತ್ತರಲ್ಲಿ ಯಾವುದು ಧರ್ಮಬೋಧೆಗೆ ಒಪ್ಪಿಗೆ ಎಂದು ಅವನಿಗೆ ಯಾರು ಓದಿ ಹೇಳಿದರು? ಕಾರು ಇಟ್ಟುಕೊಂಡವರು ಬೇರೆ ಶಾಲೆ ಹುಡುಕಿಯಾರು. ಬೇಡ ಎನ್ನುವ ಹಕ್ಕು ನಮ್ಮವರ ಮಕ್ಕಳ ಪಾಲಿಗೆ ಅಂಗಡಿಯ ಗಾಜಿನೊಳಗಿನ ಮಿಠಾಯಿ.

ಇದಕ್ಕಿಂತಲೂ ದೊಡ್ಡ ಕಂಡಿ ಇನ್ನೊಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. 2012ರ ತಿದ್ದುಪಡಿ ಮದರಸ, ವೇದಪಾಠಶಾಲೆ ಮುಂತಾದ, ಮುಖ್ಯವಾಗಿ ಧರ್ಮವನ್ನೇ ಕಲಿಸುವ ಸಂಸ್ಥೆಗಳನ್ನು ಕಾಯಿದೆಯಿಂದ ಹೊರಗಿಟ್ಟಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೂ, ಅನುದಾನ ಪಡೆಯುವವನ್ನೂ ಸೇರಿಸಿ, ಇದು ಅನ್ವಯಿಸದು ಎಂದಿತು. ಆ ತೀರ್ಪು ಸರಿಯೇ ಎಂದು 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಸಂಶಯಪಟ್ಟು ವಿಷಯವನ್ನು ದೊಡ್ಡ ಪೀಠಕ್ಕೆ ಕಳುಹಿಸಿದೆ. ಧರ್ಮಬೋಧೆ ಎಲ್ಲಿ ದಟ್ಟವಾಗಿ ನಡೆಯುವುದೋ ಅಲ್ಲಿಗೇ ಮಗುವಿನ ಮನಸ್ಸನ್ನು ಕಾಯುವ ಈ ಕಲಮು ಕಾಲಿಡಲಾರದಾಗಿದೆ. ಸಂಸ್ಥೆ ನಡೆಸುವ ಹಕ್ಕು ಅಲ್ಪಸಂಖ್ಯಾತರಿಗೆ ಇರಲೇಬೇಕು. ಅನ್ಯ ಭಾಷೆಯ ಊರಿನಲ್ಲಿ ಬದುಕುವ ಕನ್ನಡಿಗರಾದ ನಾವು ಅದಕ್ಕೆ ಅಡ್ಡ ಬರುವವರಲ್ಲ. ಮಗುವನ್ನು ಹಿಂಸಿಸಬಾರದು ಎಂಬ ಒಂದು ಸಾಲಿನಿಂದ ಆ ಹಕ್ಕಿಗೆ ಏನು ಕುಂದು ಬರುತ್ತದೆಂಬುದು ಮಾತ್ರ ನಮಗೆ ಅರ್ಥವಾಗಿಲ್ಲ.

ಧರ್ಮವೇ ಹಾಗೆ ಹೇಳುತ್ತದೆ, ನಾವೇನು ಮಾಡೋಣ ಎನ್ನುವವರಿಗೆ ಎರಡು ಮಾತು. ಯಾವ ಧರ್ಮ, ಎಲ್ಲಿ ಹೇಳಿದೆ? ಮಾಲೆ ಹಾಕಿ, ಇರುಮುಡಿ ಹೊತ್ತು ಶಬರಿಮಲೆಗೆ ಹೋಗುವ ನಮ್ಮ ಹುಡುಗರು ಶರಣು ಕೂಗುವುದು ಹರಿಹರರ ಮಗನಿಗೆ. ಹರಿಯು ಮೋಹಿನಿಯಾದ ಕಥೆಯನ್ನು ನಮ್ಮ ಕರಾವಳಿಯ ಜನ ಯಕ್ಷಗಾನದಲ್ಲಿ ರಾತ್ರಿಯಿಡೀ ಕುಳಿತು ನೋಡಿದ್ದಾರೆ. ಅಲ್ಲಿ ಮೋಹಿನಿಯ ವೇಷ ಕಟ್ಟುವವನೂ ಗಂಡಸೇ. ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿದ್ದನೆಂದು ಯಾರೂ ಅವನನ್ನು ಪಾಂಡವರ ಪಂಕ್ತಿಯಿಂದ ಎಬ್ಬಿಸಲಿಲ್ಲ. ಬಂಗಾಳಿಗಳ ಕೃತ್ತಿವಾಸ ರಾಮಾಯಣದಲ್ಲಿ ಭಗೀರಥ ಹುಟ್ಟುವುದು ದಿಲೀಪನ ಇಬ್ಬರು ವಿಧವೆಯರ ಕೂಟದಿಂದ, ಅದೂ ಶಿವನ ವರದಿಂದ. ಇದನ್ನೆಲ್ಲ ಹಿಡಿದು ನಮ್ಮ ಪುರಾಣಗಳು ಎಲ್ಲವನ್ನೂ ಒಪ್ಪಿದ್ದವು ಎಂದು ಜಂಭ ಕೊಚ್ಚಲು ನಾವು ಹೊರಟಿಲ್ಲ. ಅಷ್ಟು ಸಲೀಸಾದ ಮಾತು ಅದಲ್ಲ. ಮನುಸ್ಮೃತಿಯನ್ನು ತೆಗೆದರೆ, ಗಂಡಸು ಗಂಡಸನ್ನು ಕೂಡಿದರೆ ಉಟ್ಟ ಬಟ್ಟೆಯಲ್ಲೇ ಮೀಯಬೇಕು ಎಂದಿದೆ. ಎತ್ತಿನ ಗಾಡಿಯಲ್ಲಿ ಹೆಂಗಸನ್ನು ಕೂಡಿದವನಿಗೂ ಅಷ್ಟೇ ಪ್ರಾಯಶ್ಚಿತ್ತ. ಹೆಂಗಸು ಕನ್ಯೆಯನ್ನು ಕೆಡಿಸಿದರೋ, ತಲೆ ಬೋಳಿಸುವುದು, ಬೆರಳು ಕತ್ತರಿಸುವುದು, ಕತ್ತೆಯ ಮೇಲೆ ಮೆರವಣಿಗೆ. ಒಂದೇ ಗ್ರಂಥ ಗಂಡಸಿಗೆ ಸ್ನಾನ ಹೇಳಿ ಹೆಂಗಸಿಗೆ ಕತ್ತಿ ತೋರಿಸಿದೆ. ಇದರಲ್ಲಿ ಯಾವುದನ್ನು ಮಕ್ಕಳಿಗೆ ಸನಾತನವೆಂದು ಹೇಳಿಕೊಡೋಣ?

ಕ್ರೈಸ್ತರಲ್ಲಿ, 1992ರಲ್ಲಿ ಹೊರಬಂದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಸಲಿಂಗ ಸಂಗವನ್ನು ತಪ್ಪೆಂದೇ ಹೇಳುತ್ತದೆ. ಮುಂದಿನ ಪರಿಚ್ಛೇದದಲ್ಲಿಯೇ ಅಂಥ ಒಲವಿನವರನ್ನು ಗೌರವದಿಂದಲೂ ಕರುಣೆಯಿಂದಲೂ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಕೂಡದು ಎನ್ನುತ್ತದೆ. ಮೊದಲನೆಯ ಪರಿಚ್ಛೇದವನ್ನು ಓದಿಸಿ ಎರಡನೆಯದಕ್ಕೆ ಗಂಟೆ ಹೊಡೆಸಿಬಿಟ್ಟರೆ, ಅದು ಆ ಗ್ರಂಥಕ್ಕೆ ಮಾಡಿದ ನ್ಯಾಯವೇ? ಇಸ್ಲಾಮಿನಲ್ಲಿ ಲೂತ್ ಪ್ರವಾದಿಯ ಕಥೆಯನ್ನು ಬಹುಪಾಲು ವಿದ್ವಾಂಸರು ನಿಷೇಧವೆಂದೇ ಓದುತ್ತಾರೆ. ಅದನ್ನು ಅವರು ಬಿಡಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಹೇಳುವಾಗ ಎದುರಿಗೆ ಕುಳಿತಿರುವುದು ಮಗು ಎಂಬುದನ್ನು ಮರೆಯಬಾರದೆಂದು ಕೇಳುವ ಅಧಿಕಾರ ನಮಗೂ ಇದೆ.

ಇಂಥ ಪಾಠ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲು ನಮ್ಮ ಕೀಲ್ಪಾಕ್ ಬಿಟ್ಟು ಹೋಗಬೇಕಾಗಿಲ್ಲ. ಇಲ್ಲಿಯ ಮಾನಸಿಕ ಆಸ್ಪತ್ರೆ 1794ರಲ್ಲಿ ಹುಟ್ಟಿದ ಸಂಸ್ಥೆ. ಬೆಂಗಳೂರಿನವರು ‘ನಿಮ್ಹಾನ್ಸಿಗೆ ಹೋಗು’ ಎಂದು ಬೈಯುವಂತೆ ಈ ಊರಿನವರು ‘ಕೀಲ್ಪಾಕ್ ಕೇಸು’ ಎಂದು ನಗುತ್ತಾರೆ. ನಮ್ಮ ಬಡಾವಣೆಯ ಹೆಸರೇ ಒಂದು ಬೈಗುಳವಾಗಿ ಹೋಗಿದೆ, ಇರಲಿ. ಪಾಪವೆಂದು ಕಲಿತ ಮನೆಯವರು ಮಗನ ಅಥವಾ ಮಗಳ ಒಲವು ತಿಳಿದಾಗ ಮೊದಲು ಹರಕೆ ಹೊರುತ್ತಾರೆ, ಆಮೇಲೆ ಡಾಕ್ಟರರಲ್ಲಿಗೆ ಎಳೆದೊಯ್ಯುತ್ತಾರೆ. ವೈದ್ಯಶಾಸ್ತ್ರವೂ ಬಹುಕಾಲ ಇದನ್ನು ರೋಗವೆಂದೇ ಬರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಒಬ್ಬನ ನಡತೆ ಅವನ ಸಮುದಾಯದ ನೀತಿಗೋ ಧಾರ್ಮಿಕ ನಂಬಿಕೆಗೋ ಒಗ್ಗುವುದಿಲ್ಲ ಎಂಬ ಕಾರಣಕ್ಕೆ ಅವನನ್ನು ಮನೋರೋಗಿಯೆಂದು ನಿರ್ಣಯಿಸಕೂಡದು. ಈ ಒಂದು ವಾಕ್ಯವನ್ನು ಆಸ್ಪತ್ರೆಯ ಗೋಡೆಯ ಮೇಲೆ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕರಲ್ಲಿಯೂ ಬರೆಸಿದರೆ ಹಣ ವ್ಯರ್ಥವಾಗದು.

ಮದರಾಸು ಹೈಕೋರ್ಟಿನ ಕಾರ್ಯವನ್ನು ಇಲ್ಲಿ ನೆನೆಯಲೇಬೇಕು. ಒಬ್ಬರನ್ನೊಬ್ಬರು ಒಲಿದ ಇಬ್ಬರು ಯುವತಿಯರು ಮಧುರೆಯಿಂದ ಚೆನ್ನೈಗೆ ಬಂದು ರಕ್ಷಣೆ ಕೇಳಿದಾಗ, ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಈ ವಿಷಯ ತಮಗೆ ಸರಿಯಾಗಿ ತಿಳಿಯದೆಂದು ಒಪ್ಪಿಕೊಂಡು, ಮನಶ್ಶಾಸ್ತ್ರ ಬಲ್ಲವರ ಮುಂದೆ ವಿದ್ಯಾರ್ಥಿಯಂತೆ ಕುಳಿತು ಕಲಿತರು. ಆಮೇಲೆ 2021ರ ಜೂನ್ 7ರಂದು ಆಜ್ಞೆ ಮಾಡಿದರು. ಒಲವನ್ನು ‘ಗುಣಪಡಿಸುವ’ ಚಿಕಿತ್ಸೆ ಕೂಡದು, ಪೊಲೀಸರು ಪೀಡಿಸಕೂಡದು, ಶಾಲೆಗಳು ಪಾಲಕರ ಸಭೆ ಕರೆದು ತಿಳಿವಳಿಕೆ ಕೊಡಬೇಕು. ಅಂಥ ಚಿಕಿತ್ಸೆ ವೃತ್ತಿಯ ದುರ್ನಡತೆಯೆಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿತು. ಡಾಕ್ಟರರ ಬಾಗಿಲು ಮುಚ್ಚಿತು, ನಿಜ. ಹರಕೆಯವರ ಬಾಗಿಲು ತೆರೆದೇ ಇದೆ. 2025ರ ಮೇ ತಿಂಗಳಿನಲ್ಲಿ ಇದೇ ಹೈಕೋರ್ಟಿನ ಮುಂದೆ ಬಂದ 25 ವರ್ಷದ ಯುವತಿಯೊಬ್ಬಳನ್ನು ಮನೆಯವರು ಎಳೆದೊಯ್ದು ಹೊಡೆದಿದ್ದಲ್ಲದೆ, ‘ಸರಿಹೋಗಲಿ’ ಎಂದು ಏನೇನೋ ಪೂಜೆ ಮಾಡಿಸಿದ್ದರು. ಕೋರ್ಟು ಅವಳನ್ನು ಬಿಡಿಸಿತು; ಮದುವೆಯೊಂದೇ ಸಂಸಾರ ಕಟ್ಟುವ ದಾರಿಯಲ್ಲ ಎಂದೂ ಹೇಳಿತು. ಆ ಪೂಜೆ ಮಾಡಿಸಿದವರು ಕೇಡಿಗರೆಂದು ನಾವು ತಿಳಿಯುವುದಿಲ್ಲ. ಚಿಕ್ಕಂದಿನಲ್ಲಿ ಕಲಿತದ್ದನ್ನು ಅವರು ಮಾಡಿರಬೇಕು.

ಶಾಲೆಯಲ್ಲಿ ಬೇರೆ ಪಾಠ ಹೇಳೋಣವೆಂದರೆ ಉಪಾಧ್ಯಾಯರ ಕೈಯಲ್ಲಿ ಪುಸ್ತಕವಿಲ್ಲ. ಬೇರೆ ಲಿಂಗಭಾವದ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ತಿಳಿಸುವ ಕೈಪಿಡಿಯೊಂದನ್ನು ಎನ್.ಸಿ.ಇ.ಆರ್.ಟಿ. 2021ರಲ್ಲಿ ಹೊರತಂದಿತು, ಆಕ್ಷೇಪ ಬಂದೊಡನೆ ಆ ವರ್ಷವೇ ಅದನ್ನು ಮರೆಮಾಡಿತು. ಹೈಕೋರ್ಟು ಅದಕ್ಕೆ ಬೇಸರಪಟ್ಟಿತು. ಬೇಸರದಿಂದ ಪುಸ್ತಕ ಅಚ್ಚಾಗುವುದಿಲ್ಲ.

ಪಾಲಕರ ಹಕ್ಕಿನ ಮಾತನ್ನೂ ಕೇಳೋಣ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಸಲಿಂಗ ಪ್ರೇಮಿಗಳ ಕಥೆಯುಳ್ಳ ಪುಸ್ತಕಗಳನ್ನು ಸಣ್ಣ ಮಕ್ಕಳಿಗೆ ಓದಿಸಿದಾಗ ಮುಸಲ್ಮಾನ, ಕ್ರೈಸ್ತ ಪಾಲಕರು ನಮ್ಮ ಮಕ್ಕಳನ್ನು ಹೊರಗೆ ಬಿಡಿ ಎಂದು ಕೋರ್ಟಿಗೆ ಹೋದರು. 2025ರ ಜೂನ್ 27ರಂದು ಅಲ್ಲಿಯ ಸುಪ್ರೀಂ ಕೋರ್ಟು 6ಕ್ಕೆ 3ರಂತೆ ಅವರ ಪರ ನಿಂತಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 2019ರಲ್ಲಿ ಇಂಥದೇ ಗಲಾಟೆಯಾಗಿ, ಶಾಲೆಯ ಬಾಗಿಲಲ್ಲಿ ಕೂಗಾಡಕೂಡದೆಂದು ಕೋರ್ಟು ತಡೆ ಹಾಕಿತು. ನಮ್ಮಲ್ಲಿ ಕೇರಳದ ಉದಾಹರಣೆಯೊಂದಿದೆ. ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲು ತಮ್ಮ ಮತ ಒಪ್ಪದು ಎಂದ ಯೆಹೋವನ ಸಾಕ್ಷಿಗಳ ಪಂಥದ 3 ಮಕ್ಕಳನ್ನು ಶಾಲೆಯಿಂದ ಹಾಕಿದಾಗ, 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿತು. ನಾವು ಈ ತೀರ್ಪನ್ನು ಮೆಚ್ಚುವವರು. ಇಡೀ ಶಾಲೆ ಒಂದು ಕಡೆ, 3 ಮಕ್ಕಳು ಒಂದು ಕಡೆ ಇದ್ದಾಗ ಕೋರ್ಟು ಆ ಮಕ್ಕಳ ಅಂತಃಕರಣವನ್ನು ಕಾಯಿತು. ಅದೇ ನ್ಯಾಯವನ್ನು ನಾವು ತರಗತಿಯ ಮೂಲೆಯಲ್ಲಿ ಬಾಯಿಬಿಡದೆ ಕುಳಿತ ಮಗುವಿಗೂ ಕೇಳುತ್ತಿದ್ದೇವೆ. ಪಾಲಕರಿಗೆ ಹಕ್ಕಿದೆ ಎಂದು ವಾದಿಸುವಾಗ ಮಗುವಿಗೂ ಒಂದು ಇದೆ ಎಂಬುದು ಮರೆತುಹೋಗುತ್ತದೆ. 1992ರಲ್ಲಿ ಭಾರತ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಎರಡನ್ನೂ ಹೇಳಿದೆ: ದಾರಿ ತೋರಿಸುವವರು ತಂದೆತಾಯಿ; ಮಗು ಬೆಳೆದಂತೆಲ್ಲ ಆ ಹಿಡಿತ ಸಡಿಲಾಗಬೇಕು.

ಉಳಿಯುವುದು ದೇವರ ಕೋಣೆ. ಅಲ್ಲಿಗೆ ಸರಕಾರ ಹೊಗುವುದು ಬೇಡ. ಪೊಲೀಸರನ್ನು ಅಡುಗೆಮನೆಗೆ ಕರೆದವರು ಆಮೇಲೆ ಅವರನ್ನು ಕಳುಹಿಸುವುದಕ್ಕೆ ಪಡುವ ಪಾಡನ್ನು ನಾವು ಬಲ್ಲೆವು. ಮನೆಯಲ್ಲಿ ತಾಯಿ ತನ್ನ ಮಗುವಿಗೆ ತನ್ನ ನಂಬಿಕೆಯನ್ನು ಹೇಳಿದರೆ ಅದಕ್ಕೆ ತಾರತಮ್ಯವೆಂಬ ಕಾನೂನಿನ ಹೆಸರು ಹಚ್ಚಲು ನಾವು ಸಿದ್ಧರಿಲ್ಲ. ಆದರೆ ಶಾಲೆಯಿಂದ ಹೊರಬಿದ್ದ ಮಗುವಿಗೆ ಮನೆಯಿದೆ. ಮನೆಯಿಂದ ಹೊರಬಿದ್ದ ಮಗುವಿಗೆ ಏನಿದೆ? ಒಂದು ಕಾಲದಲ್ಲಿ ಮದರಾಸಿನ ರೈಲಿತ್ತು, ಹೋಟೆಲಿನ ಅಟ್ಟವಿತ್ತು. ಈಗ ಹದಿನಾಲ್ಕಕ್ಕಿಂತ ಚಿಕ್ಕವರನ್ನು ಯಾವ ಹೋಟೆಲೂ ಇಟ್ಟುಕೊಳ್ಳುವಂತಿಲ್ಲ, ಅದು ಸರಿಯಾದ ಕಾನೂನೇ. ಆದ್ದರಿಂದ ಆ ಮಗುವಿಗೆ ಮನೆಯೊಂದೇ ಗತಿ. ಸಲಿಂಗ ಪ್ರೇಮವನ್ನು ಒಪ್ಪಿ ಎಂದು ನಾವು ಯಾವ ತಾಯಿಗೂ ಹೇಳುತ್ತಿಲ್ಲ. ಪಾಪವೆಂದೇ ನಂಬಿದವಳು ಹಾಗೆಯೇ ನಂಬಲಿ. ಎಲೆ ಹಾಕುವುದನ್ನು ಮಾತ್ರ ನಿಲ್ಲಿಸದಿರಲಿ.

ಜೂನಿನಲ್ಲಿ ಶಾಲೆಗಳು ತೆರೆಯುತ್ತವೆ. ಮಕ್ಕಳನ್ನು ಸೇರಿಸಲು ಹೋಗುವ ನಮ್ಮ ಸದಸ್ಯರು ಪ್ರವೇಶದ ಕಾಗದಗಳಲ್ಲಿ ಧರ್ಮಬೋಧೆಗೆ ಒಪ್ಪಿಗೆ ಕೇಳುವ ಕಾಗದ ಯಾವುದೆಂದು ಕೇಳಿ ತಿಳಿದುಕೊಳ್ಳಬೇಕು. ಒಪ್ಪಿಗೆ ಕೊಡುವವರು ಕೊಡಲಿ. ಕೊಡುವ ಮುನ್ನ, ಆ ತರಗತಿಯಲ್ಲಿ ಇಂಥ ಒಲವಿನ ಮಕ್ಕಳ ಬಗ್ಗೆ ಏನು ಹೇಳಿಕೊಡುತ್ತೀರಿ ಎಂದು ಮುಖ್ಯೋಪಾಧ್ಯಾಯರನ್ನು ಒಂದು ಮಾತು ಕೇಳಲಿ. ಕೇಳಲು ಸಂಕೋಚವಾದರೆ, ಇಲ್ಲವೆ ಕಾಗದ ಓದಲು ಬಾರದಿದ್ದರೆ, ಅದನ್ನು ಸಂಘದ ಕಚೇರಿಗೆ ತರಬಹುದು. ಸಂಜೆಯ ಪಾಳಿ ಮುಗಿಸಿ ತಡವಾಗಿ ಬಂದರೂ ಓದಿ ಹೇಳುವವರು ಅಲ್ಲಿರುತ್ತಾರೆ.